ಅಷ್ಟೊತ್ನಲ್ಲಿ ಅವಳು ಅಲ್ಲಿಗೆ ಯಾಕೆ ಹೋಗಿದ್ಲು?

ನಮ್ಮ ಆಫೀಸಿನಲ್ಲಿ ವರ್ಷಕ್ಕೊಮ್ಮೆ ಒಂದು ಆನ್‌ಲೈನ್ ಟ್ರೈನಿಂಗ್ ಬರುತ್ತದೆ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ಆಗದಂತೆ ನೋಡಿಕೊಳ್ಳುವ ಕಾನೂನಿನ ಬಗ್ಗೆ. ಐಟಿಯಲ್ಲಿರುವ ನಿಮಗೆಲ್ಲ ಗೊತ್ತಿರುತ್ತದೆ, ಪಾಶ್ ಟ್ರೈನಿಂಗ್ ಅಂತಾರೆ. ಎಚ್‌ಆರ್‌ನಿಂದ ಮೂರನೇ ರಿಮೈಂಡರ್ ಬಂದ ಮೇಲೆ ಅದನ್ನು ಓಪನ್ ಮಾಡಿ, ಪಕ್ಕದ ವಿಂಡೋದಲ್ಲಿ ಕೋಡ್ ಬರೆಯುತ್ತಾ ನೆಕ್ಸ್ಟ್, ನೆಕ್ಸ್ಟ್ ಒತ್ತುತ್ತಾ ಹೋಗುವುದು. ಕೊನೆಗೊಂದು ಕ್ವಿಜ್. ಉತ್ತರಗಳು ಎಷ್ಟು ಸುಲಭ ಅಂದ್ರೆ ಸ್ಲೈಡ್ ಓದದಿದ್ದರೂ ಪಾಸಾಗಬಹುದು. ನಾನೂ ಪ್ರತಿವರ್ಷ ಹಾಗೇ ಪಾಸಾಗುತ್ತಾ ಬಂದಿದ್ದೇನೆ :-)

ಈ ಸಲ ಅದನ್ನು ಮುಗಿಸಿ ಎಲ್ಲರೂ ಊಟಕ್ಕೆ ಹೋದೆವು. ಟೇಬಲ್ ಮೇಲೆ ಯಾರದೋ ಮೊಬೈಲಿನಲ್ಲಿ ಒಂದು ಸುದ್ದಿ. ಎಲ್ಲಿಯದೋ ಒಬ್ಬ ಹುಡುಗಿಯ ಮೇಲೆ ರಾತ್ರಿ ಹೊತ್ತು ಅತ್ಯಾಚಾರ ಆಗಿತ್ತು. ಎಲ್ಲರೂ 'ಛೆ' ಅಂದರು. ಆಮೇಲೆ ಒಬ್ಬ, ಮನುಷ್ಯ ತುಂಬಾ ಒಳ್ಳೆಯವನು, ಅನ್ನ ಕಲಸುತ್ತಾ ಅಂದ. "ಎಲ್ಲಾ ಸರಿ, ಆದ್ರೆ ಅಷ್ಟೊತ್ನಲ್ಲಿ ಅವಳು ಅಲ್ಲಿಗೆ ಯಾಕೆ ಹೋಗಿದ್ಲು?"

ಯಾರೂ ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ನಮ್ಮ ಜೊತೆ ಊಟಕ್ಕೆ ಬಂದಿದ್ದ ಇಬ್ಬರು ಹುಡುಗಿಯರು ತಟ್ಟೆ ನೋಡಿಕೊಂಡು ಊಟ ಮುಗಿಸಿದರು.

ನಾನು ಸುಮ್ಮನಿದ್ದದ್ದಕ್ಕೆ ಕಾರಣ ಇದೆ. ಆ ಪ್ರಶ್ನೆಯನ್ನು ಒಮ್ಮೆ ನಾನೇ ಕೇಳಿದ್ದೆ. ನಾನು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ಊರಿನಿಂದ ನಮ್ಮ ಕಾಕಾನ ಮಗಳು ಫೋನ್ ಮಾಡಿದ್ದಳು. ನಮ್ಮದು ರಾಯಚೂರು ಜಿಲ್ಲೆಯ ಒಂದು ಹಳ್ಳಿ. ಅವಳು ಬಸ್ಸಿನಲ್ಲಿ ತಾಲೂಕಿನ ಊರಿಗೆ ಪಿಯುಸಿಗೆ ಹೋಗುತ್ತಿದ್ದಳು. ಇಬ್ಬರು ಹುಡುಗರು ದಿನಾ ಬೈಕಿನಲ್ಲಿ ಹಿಂದೆ ಬರುತ್ತಾರೆ ಅಂತ ಹೇಳಿದಳು. ನನ್ನ ಬಾಯಲ್ಲಿ ಮೊದಲು ಬಂದ ಮಾತು, "ನೀ ಏನರ ಅವರ ಕಡೆ ನೋಡಿ ನಕ್ಕಿದ್ದೇನು?" ಅವಳು ಇಲ್ಲ ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನಿಟ್ಟಳು. ಮತ್ತೆ ಆ ವಿಷಯ ನನ್ನ ಹತ್ತಿರ ಎತ್ತಲಿಲ್ಲ. ಆರು ತಿಂಗಳಿಗೆ ಅವಳ ಕಾಲೇಜು ಬಿಡಿಸಿದರು. ಬೈಕು ಓಡಾಡುತ್ತಲೇ ಇತ್ತು.

ಇಷ್ಟು ಸಣ್ಣ ಪ್ರಶ್ನೆಗೂ ದೊಡ್ಡ ದೊಡ್ಡ ಅಪರಾಧಗಳಿಗೂ ಏನು ಸಂಬಂಧ ಅಂತ ಕೆಲವು ವಾರಗಳಿಂದ ಓದುತ್ತಿದ್ದೇನೆ. ಹಳೆಯ ತೀರ್ಪುಗಳು, ಅವುಗಳ ಬಗ್ಗೆ ಬಂದ ಬರಹಗಳು. ನಾನು ವಕೀಲನಲ್ಲ, ಇತಿಹಾಸಕಾರನೂ ಅಲ್ಲ. ಆದರೆ ಓದುತ್ತಾ ಹೋದಂತೆ ಒಂದು ವಿಷಯ ಎದ್ದು ಕಾಣಿಸಿತು. ನಾವು ಊಟದ ಟೇಬಲ್ ಮೇಲೆ, ಬಸ್‌ಸ್ಟ್ಯಾಂಡಿನಲ್ಲಿ, ಮನೆಯ ಕಟ್ಟೆಯ ಮೇಲೆ ಕೂತು ಕೇಳುವ ನಾಲ್ಕೈದು ಪ್ರಶ್ನೆಗಳಿವೆಯಲ್ಲ, ಅವೇ ಪ್ರಶ್ನೆಗಳನ್ನು ಪೋಲೀಸ್ ಸ್ಟೇಷನ್ನಿನಲ್ಲಿ ಕೇಳಿದ್ದಾರೆ, ಕೋರ್ಟಿನಲ್ಲಿ ಕೇಳಿದ್ದಾರೆ, ಕಾನೂನಿನ ಪುಸ್ತಕದಲ್ಲಿ ಸೆಕ್ಷನ್ ನಂಬರ್ ಕೊಟ್ಟು ಬರೆದಿದ್ದಾರೆ. ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು: ಅವಳು ಯಾಕೆ ಕೂಗಿಕೊಳ್ಳಲಿಲ್ಲ?

1972ರ ಮಾರ್ಚ್ 26. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ದೇಸಾಯಿಗಂಜ್ ಪೋಲೀಸ್ ಠಾಣೆ. ಮಥುರಾ ಎಂಬ ಆದಿವಾಸಿ ಹುಡುಗಿ, ತಂದೆ ತಾಯಿ ಇಲ್ಲದವಳು, ಕೂಲಿ ಮಾಡಿಕೊಂಡಿದ್ದವಳು. ವಯಸ್ಸು ಹದಿನಾಲ್ಕರಿಂದ ಹದಿನಾರರ ಒಳಗೆ. ತಾನು ಮೆಚ್ಚಿದ ಹುಡುಗನ ಜೊತೆ ಹೋಗಿದ್ದಾಳೆ ಅಂತ ಅಣ್ಣ ದೂರು ಕೊಟ್ಟಿದ್ದರಿಂದ ಎಲ್ಲರನ್ನೂ ಠಾಣೆಗೆ ಕರೆಸಿದ್ದರು. ಹೇಳಿಕೆ ಬರೆಸಿಕೊಂಡು ರಾತ್ರಿ ಎಲ್ಲರನ್ನೂ ಹೊರಗೆ ಕಳಿಸಿದರು, ಅವಳನ್ನು ಮಾತ್ರ ಒಳಗೆ ಉಳಿಸಿಕೊಂಡರು. ಮನೆಯವರು ಹೊರಗೆ ಕಾಯುತ್ತಿದ್ದಾಗ ಒಳಗೆ ಒಬ್ಬ ಕಾನ್‌ಸ್ಟೇಬಲ್ ಅತ್ಯಾಚಾರ ಮಾಡಿದ, ಹೆಡ್ ಕಾನ್‌ಸ್ಟೇಬಲ್ ಮೈಮೇಲೆ ಕೈ ಹಾಕಿದ ಎಂಬುದು ಆರೋಪ.

1974ರಲ್ಲಿ ಸೆಷನ್ಸ್ ಕೋರ್ಟು ಇಬ್ಬರನ್ನೂ ಬಿಟ್ಟಿತು. ಹುಡುಗಿಗೆ ಮೊದಲೇ ಲೈಂಗಿಕ ಸಂಪರ್ಕದ ಅಭ್ಯಾಸ ಇತ್ತು, ಆದ್ದರಿಂದ ಅವಳೇ ಒಪ್ಪಿರಬೇಕು ಎನ್ನುವುದು ತರ್ಕ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಇದನ್ನು ತಿರುಗಿಸಿ ಇಬ್ಬರಿಗೂ ಶಿಕ್ಷೆ ಕೊಟ್ಟಿತು. ಹೆದರಿಕೆಯಿಂದ ಸುಮ್ಮನಾಗುವುದು ಬೇರೆ, ಒಪ್ಪುವುದು ಬೇರೆ ಎಂದು ಹೈಕೋರ್ಟು ಹೇಳಿತು. ಆದರೆ 1978ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಇಬ್ಬರನ್ನೂ ಖುಲಾಸೆ ಮಾಡಿತು. ಮೈಮೇಲೆ ಗಾಯದ ಗುರುತಿಲ್ಲ, ಆದ್ದರಿಂದ ವಿರೋಧಿಸಿದ್ದು ಸುಳ್ಳು, ಕೂಗಿಕೊಂಡೆ ಎಂಬುದೂ ಸುಳ್ಳು!

ರಾತ್ರಿ ಹೊತ್ತು, ಪೋಲೀಸ್ ಠಾಣೆಯ ಒಳಗೆ, ಕೂಲಿಯ ಹುಡುಗಿ ಪೋಲೀಸರ ವಿರುದ್ಧ ಯಾರನ್ನು ಕರೆಯಬೇಕಿತ್ತು? ಪೋಲೀಸರನ್ನೇ?

1979ರ ಸೆಪ್ಟೆಂಬರಿನಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಂವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದು ಇದನ್ನೇ ಕೇಳಿದರು. 1980ರಲ್ಲಿ ಅನೇಕ ಊರುಗಳಲ್ಲಿ ಹೆಣ್ಣುಮಕ್ಕಳು ಬೀದಿಗಿಳಿದರು. ಅದರ ಫಲವಾಗಿ 1983ರಲ್ಲಿ ಕಾನೂನು ಬದಲಾಯಿತು. ಪೋಲೀಸ್ ವಶದಲ್ಲಿದ್ದಾಗ ಸಂಪರ್ಕ ನಡೆದದ್ದು ಸಾಬೀತಾಗಿ, ಹೆಣ್ಣು ತಾನು ಒಪ್ಪಿರಲಿಲ್ಲ ಅಂದರೆ ಕೋರ್ಟು ಅದನ್ನೇ ನಂಬಿಕೊಂಡು ಮುಂದೆ ಹೋಗಬೇಕು. ಎದುರಿಸಿ ಹೋರಾಡಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿಗೆ ಎಂದು ತಿಳಿಯಬಾರದು ಎಂಬ ಮಾತು ಕಾನೂನಿನಲ್ಲಿ ಅಚ್ಚಾದದ್ದು 2013ರಲ್ಲಿ. ದೇಸಾಯಿಗಂಜಿನ ಆ ರಾತ್ರಿಯಿಂದ ಲೆಕ್ಕ ಹಾಕಿದರೆ 41 ವರ್ಷ.

ಅಲ್ಲಿಗೆ ಮುಗಿಯಿತೇ? 2020ರ ಜೂನಿನಲ್ಲಿ ನಮ್ಮದೇ ಕರ್ನಾಟಕ ಹೈಕೋರ್ಟಿನ ಒಂದು ಜಾಮೀನು ಆದೇಶ ಸುದ್ದಿಯಾಯಿತು. ಅತ್ಯಾಚಾರದ ನಂತರ ಸುಸ್ತಾಗಿ ನಿದ್ದೆ ಹೋದೆ ಎಂದು ದೂರುದಾರೆ ಹೇಳಿದ್ದಳು. ಭಾರತೀಯ ಹೆಣ್ಣುಮಕ್ಕಳು ಹಾಗೆ ನಡೆದುಕೊಳ್ಳುವುದಿಲ್ಲ ಎಂಬ ಅರ್ಥದ ಮಾತು ಆದೇಶದಲ್ಲಿತ್ತು. ಗಲಾಟೆಯಾದ ಮೇಲೆ ಕೆಲವೇ ದಿನಗಳಲ್ಲಿ ಆ ಸಾಲನ್ನು ತೆಗೆದುಹಾಕಿದರು. ತೆಗೆದದ್ದು ಒಳ್ಳೆಯದೇ. ಆದರೆ ಬರೆಯುವಾಗ ಅದು ಎಲ್ಲಿಂದ ಬಂತು? ಕಾನೂನಿನ ಪುಸ್ತಕದಿಂದಂತೂ ಅಲ್ಲ.

ಎರಡನೆಯದು: ಅವಳು ಎಂಥವಳು?

ರಾಯಚೂರು ಅಂದ ಕೂಡಲೇ ಎಲ್ಲರೂ ಬಿಸಿಲು ಅಂತಾರೆ, ಕೋಟೆ ಅಂತಾರೆ, ಶಕ್ತಿನಗರದ ಕರೆಂಟು ಅಂತಾರೆ. ಈ ಇತಿಹಾಸದಲ್ಲಿ ನಮ್ಮೂರ ಹೆಸರು ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

1978ರ ಮಾರ್ಚ್ ಕೊನೆಯಲ್ಲಿ ಹೈದರಾಬಾದಿನಲ್ಲಿ ರಮೀಜಾ ಬೀ ಎಂಬ ಹೆಣ್ಣುಮಗಳು ಗಂಡನ ಜೊತೆ ರಾತ್ರಿ ಸಿನಿಮಾ ನೋಡಿಕೊಂಡು ಮನೆಗೆ ಹೋಗುತ್ತಿದ್ದಳು. ಗಂಡ ರಿಕ್ಷಾ ತುಳಿಯುವವನು. ಪೋಲೀಸರು ಅವಳನ್ನು ನಲ್ಲಕುಂಟ ಠಾಣೆಗೆ ಕರೆದುಕೊಂಡು ಹೋದರು. ಅಲ್ಲಿ ಅವಳ ಮೇಲೆ ಅತ್ಯಾಚಾರ ಆಯಿತು. ಪ್ರತಿಭಟಿಸಿದ ಗಂಡನನ್ನು ಹೊಡೆದರು, ಅವನು ಸತ್ತೇಹೋದ. ಊರಿಗೆ ಊರೇ ಸಿಡಿದೆದ್ದಿತು, ಕರ್ಫ್ಯೂ ಹಾಕಬೇಕಾಯಿತು. ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಮುಕ್ತದರ್ ಆಯೋಗ ವಿಚಾರಣೆ ನಡೆಸಿ ಅತ್ಯಾಚಾರವೂ ನಿಜ, ಕೊಲೆಯೂ ನಿಜ, ಪೋಲೀಸರೇ ತಪ್ಪಿತಸ್ಥರು ಎಂದಿತು.

ಆಯೋಗದ ಮುಂದೆ ಪೋಲೀಸರ ಕಡೆಯವರ ವಾದ ಏನಿತ್ತು ಗೊತ್ತೇ? ಅವಳು ವೇಶ್ಯೆ, ಅವಳ ಮದುವೆಯೇ ಸರಿಯಾಗಿ ಆದದ್ದಲ್ಲ ಎಂಬುದು. ಒಬ್ಬ ಮನುಷ್ಯ ಸತ್ತಿದ್ದಾನೆ, ಒಬ್ಬಳ ಮೈಮೇಲೆ ದಾಳಿಯಾಗಿದೆ, ಚರ್ಚೆ ನಡೆಯುತ್ತಿರುವುದು ಅವಳ ನಡತೆಯ ಮೇಲೆ. ಕ್ರಿಮಿನಲ್ ಕೇಸನ್ನು ಆಂಧ್ರದ ಹೊರಗೆ ನಡೆಸಬೇಕೆಂದು ವರ್ಗಾಯಿಸಿದರು. ಎಲ್ಲಿಗೆ? ನಮ್ಮ ರಾಯಚೂರಿಗೆ. 1981ರಲ್ಲಿ ರಾಯಚೂರಿನ ಸೆಷನ್ಸ್ ಕೋರ್ಟಿನಲ್ಲಿ ಆರೋಪಿ ಪೋಲೀಸರು ಖುಲಾಸೆಯಾದರು. ನಾನು ಎಷ್ಟೋ ಸಲ ಓಡಾಡಿದ ಊರು. ಒಬ್ಬರೂ ಈ ಕಥೆ ಹೇಳಿರಲಿಲ್ಲ.

ಹೆಣ್ಣಿನ ನಡತೆಯ ಚರ್ಚೆ ಪೋಲೀಸರ ಕಿಡಿಗೇಡಿತನ ಮಾತ್ರ ಆಗಿರಲಿಲ್ಲ, ಅದಕ್ಕೆ ಕಾನೂನೇ ಅನುಮತಿ ಕೊಟ್ಟಿತ್ತು. 1872ರಲ್ಲಿ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ಎಂಬ ಆಂಗ್ಲ ಕಾನೂನು ಪಂಡಿತ ರಚಿಸಿದ ಸಾಕ್ಷ್ಯ ಕಾಯ್ದೆಯ 155ನೇ ಸೆಕ್ಷನ್ನಿನ ನಾಲ್ಕನೇ ಉಪವಿಧಿ ನೋಡಿ. ಅತ್ಯಾಚಾರದ ಕೇಸಿನಲ್ಲಿ ದೂರು ಕೊಟ್ಟವಳು ಸಾಮಾನ್ಯವಾಗಿ ಅನೈತಿಕ ನಡತೆಯವಳು ಎಂದು ತೋರಿಸಿ ಅವಳ ಮಾತು ನಂಬಲರ್ಹವಲ್ಲ ಎನ್ನಬಹುದಿತ್ತು. ಕಟ್ಟೆಯ ಮೇಲಿನ ಹರಟೆಗೆ ಕರಿ ಕೋಟು ಹಾಕಿಸಿದಂತೆ. ಇದನ್ನು ತೆಗೆದದ್ದು 2002ರ ತಿದ್ದುಪಡಿಯಲ್ಲಿ, 130 ವರ್ಷಗಳ ಮೇಲೆ. ನಡುವೆ 1996ರಲ್ಲಿ ಗುರ್ಮಿತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬಾಲಕಿಯೊಬ್ಬಳ ನಡತೆಯ ಬಗ್ಗೆ ಕೆಳಗಿನ ಕೋರ್ಟು ಆಡಿದ್ದ ಮಾತನ್ನು ಖಂಡಿಸಿತು. ಹೆಣ್ಣಿನ ನಡತೆ ಹೇಗೇ ಇರಲಿ, ಬೇಡ ಅನ್ನುವ ಹಕ್ಕು ಅವಳಿಗಿದೆ ಎಂದಿತು.

ನಮ್ಮ ಕನ್ನಡ ಪೇಪರುಗಳ ಒಂದು ಹೆಡ್‌ಲೈನ್ ಈಗ ನೆನಪಾಗುತ್ತದೆ. "ಶೀಲ ಶಂಕಿಸಿ ಪತ್ನಿಯ ಕೊಲೆ". ಚಿಕ್ಕಂದಿನಿಂದ ಎಷ್ಟು ಸಲ ಓದಿದ್ದೇವೆ! ನಾಲ್ಕೇ ಪದ. ಕೊಂದವನು ಯಾರು ಎಂಬುದು ಅದರಲ್ಲಿ ಇಲ್ಲವೇ ಇಲ್ಲ, ಸತ್ತವಳ ಶೀಲ ಮಾತ್ರ ಮೊದಲ ಪದವಾಗಿ ಬಂದು ಕೂತಿದೆ. ಕೊಲೆಗಾರ ಕೊಟ್ಟ ಕಾರಣವನ್ನು ಪೇಪರಿನವರು ಹೆಡ್‌ಲೈನ್ ಮಾಡುತ್ತಾರೆ, ಕಾಫಿ ಕುಡಿಯುತ್ತಾ ನಾವು ಓದಿ ಪುಟ ತಿರುವುತ್ತೇವೆ.

ಮೂರನೆಯದು: ಅಂಥವರು ಇಂಥ ಕೆಲಸ ಮಾಡ್ತಾರಾ?

ನಾನು ನೆಕ್ಸ್ಟ್ ನೆಕ್ಸ್ಟ್ ಒತ್ತಿದ ಆ ಟ್ರೈನಿಂಗಿನ ಮೂಲ ಇರುವುದು ಇಲ್ಲಿ. ರಾಜಸ್ಥಾನದ ಭಟೇರಿ ಎಂಬ ಹಳ್ಳಿ. ಭಂವರಿ ದೇವಿ ಕುಂಬಾರ ಜಾತಿಯವರು. ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ 'ಸಾಥಿನ್' ಆಗಿ ಕೆಲಸ ಮಾಡುತ್ತಿದ್ದರು. ಬಾಲ್ಯವಿವಾಹ ತಡೆಯುವುದು ಅವರ ಕೆಲಸದ ಭಾಗ. 1992ರಲ್ಲಿ ಮೇಲಿನ ಜಾತಿಯವರ ಮನೆಯಲ್ಲಿ ಒಂದು ವರ್ಷವೂ ತುಂಬದ ಕೂಸಿನ ಮದುವೆ ತಡೆಯಲು ಹೋದರು. ಅದೇ ಸೆಪ್ಟೆಂಬರ್ 22ರಂದು ಹೊಲದಲ್ಲಿ ಗಂಡನ ಎದುರೇ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು ಎಂದು ಅವರು ದೂರಿತ್ತರು. ವೈದ್ಯಕೀಯ ಪರೀಕ್ಷೆ ಆಗುವ ಹೊತ್ತಿಗೆ ಎರಡು ದಿನ ದಾಟಿತ್ತು. ಸಾಕ್ಷಿಗೆ ಬೇಕೆಂದು ಪೋಲೀಸರು ಲಂಗವನ್ನು ಠಾಣೆಯಲ್ಲೇ ಇಟ್ಟುಕೊಂಡರು, ಆಕೆ ಗಂಡನ ರುಮಾಲಿನ ಬಟ್ಟೆ ಸುತ್ತಿಕೊಂಡು ಊರಿಗೆ ಹೋಗಬೇಕಾಯಿತು.

1995ರ ನವೆಂಬರಿನಲ್ಲಿ ಜೈಪುರದ ಕೋರ್ಟು ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಖುಲಾಸೆ ಮಾಡಿತು. ಮೇಲುಜಾತಿಯವರು ಕೆಳಜಾತಿಯವಳನ್ನು ಮುಟ್ಟುವುದಿಲ್ಲ, ವಯಸ್ಸಾದವರು ಇಂಥದ್ದಕ್ಕೆ ಕೈಹಾಕುವುದಿಲ್ಲ, ಗಂಡನಾದವನು ನೋಡಿಕೊಂಡು ಸುಮ್ಮನಿರುವುದಿಲ್ಲ. ಹೀಗಿತ್ತು ಅದರ ದಾರಿ. ಇದನ್ನು ಓದಿದಾಗ ನಮ್ಮೂರ ಹಿರಿಯರ ದನಿಯೇ ಕೇಳಿಸಿದಂತಾಯಿತು. "ಅವರು ದೊಡ್ಡ ಮನಿತನದವರು, ಅಂಥವರಲ್ಲ ಬಿಡು."

ಕೆಲಸ ಮಾಡಿದ್ದಕ್ಕೇ ಈ ಗತಿ ಬಂದರೆ ಕೆಲಸ ಕೊಟ್ಟವರ ಜವಾಬ್ದಾರಿ ಏನು ಎಂದು ಕೇಳಿ ವಿಶಾಖಾ ಮತ್ತಿತರ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರ ಆಗಸ್ಟ್ 13ರಂದು ವಿಶಾಖಾ ಮಾರ್ಗಸೂಚಿ ಬಂತು. 2013ರಲ್ಲಿ ಅದು ಕಾಯ್ದೆಯಾಯಿತು. ನಮ್ಮ ಎಸಿ ಆಫೀಸುಗಳಲ್ಲಿ ದೂರು ಸಮಿತಿ ಇರುವುದು, ವರ್ಷಕ್ಕೊಮ್ಮೆ ನಾವು ಆ ಸ್ಲೈಡುಗಳನ್ನು ನೋಡುವುದು ಆ ಹಳ್ಳಿಯ ಹೆಣ್ಣುಮಗಳು ಬಾಯಿ ಮುಚ್ಚಿಕೊಂಡು ಕೂರದೇ ಇದ್ದದ್ದರಿಂದ. ಹತ್ತು ನಿಮಿಷದಲ್ಲಿ ಮುಗಿಸಿದೆ ಅಂತ ನಾನು ಟೀಮಿನಲ್ಲಿ ಜಂಬ ಕೊಚ್ಚಿಕೊಂಡಿದ್ದೆ.

ನಾಲ್ಕನೆಯದು: ಗಂಡ ತಾನೇ ಹೊಡೆದದ್ದು?

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಗಾದೆ ಚೆನ್ನಾಗಿದೆ, ಆದರೆ ಉಂಡು ಮಲಗಿದ ಮೇಲೆ ಏನಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. 1889ರಲ್ಲಿ ಕಲ್ಕತ್ತೆಯಲ್ಲಿ ಫುಲ್ಮೊನಿ ಎಂಬ ಸುಮಾರು ಹನ್ನೊಂದು ವರ್ಷದ ಹುಡುಗಿ, ತನಗಿಂತ ಎಷ್ಟೋ ದೊಡ್ಡವನಾದ ಗಂಡ ಬಲಾತ್ಕಾರವಾಗಿ ಕೂಡಿದ್ದರಿಂದ ರಕ್ತಸ್ರಾವವಾಗಿ ಸತ್ತಳು. ಅವನ ಮೇಲೆ ಅತ್ಯಾಚಾರದ ಕೇಸು ನಿಲ್ಲಲಿಲ್ಲ. ಯಾಕೆಂದರೆ 1860ರ ದಂಡ ಸಂಹಿತೆಯ ಪ್ರಕಾರ ಹೆಂಡತಿಗೆ ಹತ್ತು ವರ್ಷ ತುಂಬಿದ್ದರೆ ಗಂಡ ಮಾಡಿದ್ದು ಅತ್ಯಾಚಾರವಲ್ಲ! ಅವನಿಗೆ ಆದದ್ದು ಒಂದು ವರ್ಷದ ಶಿಕ್ಷೆ. ಆ ಸಾವಿನಿಂದ ಎದ್ದ ಚರ್ಚೆಯಲ್ಲಿ 1891ರಲ್ಲಿ ವಯಸ್ಸನ್ನು ಹನ್ನೆರಡಕ್ಕೆ ಏರಿಸಿದರು. ಅದಕ್ಕೂ ಧರ್ಮಕ್ಕೆ ಕೈ ಹಾಕಿದರು ಎಂದು ದೊಡ್ಡ ವಿರೋಧ ಬಂತು, ಬಾಲಗಂಗಾಧರ ತಿಲಕರೂ ವಿರೋಧಿಸಿದವರಲ್ಲಿ ಒಬ್ಬರು.

ವಯಸ್ಸು ಏರುತ್ತಾ ಏರುತ್ತಾ 2017ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಹದಿನೆಂಟಕ್ಕೆ ಬಂತು. ಆದರೆ ಗಂಡನಿಗಿರುವ ವಿನಾಯಿತಿ ಹೋಗಲಿಲ್ಲ. 2022ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟು, ಮದುವೆ ಎನ್ನುವುದು ಕ್ರೌರ್ಯಕ್ಕೆ ಕೊಟ್ಟ ಲೈಸೆನ್ಸ್ ಅಲ್ಲ ಎಂಬ ನಿಲುವು ತಳೆದು, ಒಬ್ಬ ಗಂಡನ ಮೇಲೆ ಅತ್ಯಾಚಾರದ ವಿಚಾರಣೆ ನಡೆಯಲಿ ಎಂದಿತ್ತು. ಜುಲೈನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ವಿನಾಯಿತಿಯನ್ನು ಹಾಗೇ ಉಳಿಸಿಕೊಂಡಿತು.

ಇನ್ನು ಅಂಕಿ ಅಂಶಕ್ಕೆ ಬರುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಏಳು ಕಾರಣ ಕೊಟ್ಟು, ಇವುಗಳಲ್ಲಿ ಯಾವುದಕ್ಕಾದರೂ ಗಂಡ ಹೆಂಡತಿಗೆ ಹೊಡೆಯುವುದು ಸರಿಯೇ ಎಂದು ಕೇಳಿದ್ದರು. ಹೇಳದೆ ಹೊರಗೆ ಹೋದದ್ದು, ಅಡುಗೆ ಸರಿಯಾಗಿ ಮಾಡದಿದ್ದದ್ದು, ಎದುರು ಮಾತಾಡಿದ್ದು, ಅತ್ತೆ ಮಾವನಿಗೆ ಗೌರವ ಕೊಡದಿದ್ದದ್ದು, ಇಂಥವು. ಕರ್ನಾಟಕದಲ್ಲಿ ಒಂದಾದರೂ ಕಾರಣಕ್ಕೆ ಹೊಡೆಯಬಹುದು ಎಂದ ಗಂಡಸರು ಶೇಕಡಾ 81.9. ಹೆಂಗಸರೂ ಶೇಕಡಾ 76.9. ಅದೇ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಕರ್ನಾಟಕದ ವಿವಾಹಿತ ಮಹಿಳೆಯರು ಶೇಕಡಾ 44.4, ಇಡೀ ದೇಶದಲ್ಲೇ ಹೆಚ್ಚು. ಹಿಂದಿನ 2015-16ರ ಸಮೀಕ್ಷೆಯಲ್ಲಿ ಇದು 20.6 ಇತ್ತು. ಒಂದರಿಂದಲೇ ಇನ್ನೊಂದು ಆಯಿತು ಅಂತ ಈ ಅಂಕಿಗಳಷ್ಟರಿಂದಲೇ ಹೇಳಲಾಗುವುದಿಲ್ಲ, ಹಾಗೆ ಹೇಳಿದರೆ ನಮ್ಮ ಡೇಟಾ ಟೀಮಿನವರು ನನ್ನನ್ನು ಹಿಡಿದುಕೊಳ್ಳುತ್ತಾರೆ. ಆದರೆ ಎರಡೂ ಒಂದೇ ಮನೆಯಲ್ಲಿ ವಾಸ ಮಾಡುತ್ತಿವೆ.

ನನಗೆ ಅರ್ಥವಾದದ್ದು ಇಷ್ಟು. ಜೋಕ್ ಹೇಳುವವನೆಲ್ಲ ನಾಳೆ ಅತ್ಯಾಚಾರ ಮಾಡುತ್ತಾನೆ ಅಂತಲ್ಲ. ಊಟದ ಟೇಬಲ್ಲಿನ ನನ್ನ ಗೆಳೆಯ ಯಾರ ಮೈಮೇಲೂ ಕೈ ಹಾಕುವವನಲ್ಲ, ಬೇಕಾದರೆ ಬರೆದು ಕೊಡುತ್ತೇನೆ. ಆದರೆ ಕೈ ಹಾಕುವವನು ಇರುತ್ತಾನಲ್ಲ, ಅವನೂ ಇವೇ ಮಾತುಗಳನ್ನು ಕೇಳಿಕೊಂಡು ಬೆಳೆದಿರುತ್ತಾನೆ. ನಾಳೆ ಪ್ರಶ್ನೆ ಕೇಳುವುದು ತನ್ನನ್ನಲ್ಲ, ಅವಳನ್ನು ಅಂತ ಅವನಿಗೆ ಗೊತ್ತಿರುತ್ತದೆ. ಅವಳಿಗೂ ಗೊತ್ತಿರುತ್ತದೆ, ಅದಕ್ಕೇ ಬಾಯಿ ಬಿಡುವುದಿಲ್ಲ. ದೇಶದಲ್ಲಿ ದಾಖಲಾಗುವ ಅತ್ಯಾಚಾರದ ಕೇಸುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಪರಿಚಯದವನೇ ಎಂದು ಅಪರಾಧ ದಾಖಲೆ ಬ್ಯೂರೋದ ವರದಿಗಳು ವರ್ಷ ವರ್ಷವೂ ಹೇಳುತ್ತವೆ. ಅಂದರೆ ಅವನಿಗೆ ಆ ಮನೆಯ ಮಾತುಕತೆ ಗೊತ್ತು, ಅಲ್ಲಿ ಯಾರು ಯಾರನ್ನು ನಂಬುತ್ತಾರೆ ಅಂತಲೂ ಗೊತ್ತು. ಇನ್ನು ದೂರು ಬರೆದುಕೊಳ್ಳುವ ಪೋಲೀಸು, ಪರೀಕ್ಷೆ ಮಾಡುವ ಡಾಕ್ಟರು, ತೀರ್ಪು ಬರೆಯುವ ಜಡ್ಜು ಇವರ್‍ಯಾರೂ ಆಕಾಶದಿಂದ ಇಳಿದವರಲ್ಲ, ನಮ್ಮ ನಿಮ್ಮಂಥ ಮನೆಗಳಿಂದಲೇ ಹೋದವರು. ಕಾನೂನಿಗೆ 1983ರಲ್ಲಿ, 2002ರಲ್ಲಿ, 2013ರಲ್ಲಿ ಪ್ಯಾಚ್ ಹಾಕಿದರು, ಒಂದೊಂದು ಪ್ಯಾಚಿಗೂ ಯಾವುದೋ ಹೆಣ್ಣು ಬೆಲೆ ತೆತ್ತಿದ್ದಳು. ಪ್ರಶ್ನೆ ಮಾತ್ರ ನಮ್ಮ ಊಟದ ಟೇಬಲ್ಲಿನ ಮೇಲೆ ಹಾಗೇ ಇದೆ.

ಇದನ್ನು ಬರೆಯುವ ಮೊದಲು ಊರಿಗೆ ಫೋನ್ ಮಾಡಿ ತಂಗಿಯ ಹತ್ತಿರ ಮಾತಾಡಿದೆ. ಅವಳಿಗೀಗ ಎರಡು ಮಕ್ಕಳು. "ಅವತ್ತು ನಾ ನಿನ್ನ ಹಂಗ ಕೇಳಬಾರದಿತ್ತವ್ವಾ" ಅಂದೆ. ಅವಳಿಗೆ ಯಾವುದು ಅಂತ ಬಿಡಿಸಿ ಹೇಳಬೇಕಾಗುತ್ತದೆ ಅಂದುಕೊಂಡಿದ್ದೆ. ಬೇಕಾಗಲಿಲ್ಲ.

"ಈಗ್ಯಾಕ ಅಣ್ಣಾ ಅದೆಲ್ಲ" ಅಂದಳು. ಸ್ವಲ್ಪ ಹೊತ್ತು ಬಿಟ್ಟು ಅವಳೇ ಮತ್ತೆ, "ನೀ ಒಂದ್ ದಿವ್ಸ ಊರಿಗೆ ಬಂದು ಬಸ್‌ಸ್ಟ್ಯಾಂಡಿನಾಗ ನನ್ ಜೋಡಿ ನಿಂತಿದ್ರ ಸಾಕಿತ್ತು" ಅಂದಳು.

ಆಮೇಲೆ ಮಳೆ, ಬೆಳೆ, ಮಕ್ಕಳ ಸ್ಕೂಲು ಅಂತ ಏನೇನೋ ಮಾತಾಡಿ ಫೋನಿಟ್ಟೆವು.

ನಾಳೆ ಮತ್ತೆ ಅದೇ ಟೇಬಲ್ಲಿಗೆ ಊಟಕ್ಕೆ ಹೋಗುತ್ತೇನೆ. ಆ ಪ್ರಶ್ನೆ ಮತ್ತೆ ಬಂದರೆ ಭಾಷಣ ಬಿಗಿಯುವಷ್ಟು ಧೈರ್ಯ ನನಗಿಲ್ಲ. "ಅವನು ಅಲ್ಲಿಗೆ ಯಾಕೆ ಹೋಗಿದ್ದ?" ಅಂತ ಇಷ್ಟಾದರೂ ಕೇಳಬೇಕು ಅಂದುಕೊಂಡಿದ್ದೇನೆ. ನಿಮ್ಮಲ್ಲಿ ಯಾರಾದರೂ ಹೀಗೆ ತಿರುಗಿಸಿ ಕೇಳಿದ್ದಿದೆಯಾ? ಕೇಳಿದ ಮೇಲೆ ಏನಾಯಿತು ಅಂತ ಹೇಳಿ.